ಪಾಡ್‌ಕಾಸ್ಟ್: ಒಂದು ಮಗು ಆದ್ಮೇಲೆ ಕೊರಿಯಾದ ತಾಯಂದಿರು ಯಾಕೆ ಅಲ್ಲಿಗೇ ನಿಲ್ಲಿಸ್ತಿದ್ದಾರೆ?

 ದಕ್ಷಿಣ ಕೊರಿಯಾದಲ್ಲಿ ಮಕ್ಕಳು ಹುಟ್ಟೋದು ಜಗತ್ತಿನಲ್ಲೇ ಅತಿ ಕಡಿಮೆ ಅನ್ನೋ ಸುದ್ದಿಯನ್ನು ನೀವೆಲ್ಲ ಓದಿರ್ತೀರಿ. ಈ ಒಂದು ಸುದ್ದಿಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಅಲ್ಲಿನ ಯುವಜನ ಯಾಕೆ ಮದುವೆ ಆಗ್ತಿಲ್ಲ ಅನ್ನೋದು. ಇನ್ನೊಂದು, ಮದುವೆಯಾಗಿ ಒಂದು ಮಗು ಹೆತ್ತ ಹೆಣ್ಣುಮಕ್ಕಳು ಯಾಕೆ ಅಲ್ಲಿಗೇ ಸಾಕು ಅಂತಿದ್ದಾರೆ ಅನ್ನೋದು. ಮೊದಲನೆಯದರ ಬಗ್ಗೆ ಬಹಳ ಚರ್ಚೆ ಆಗಿದೆ. ನಾನು ಇವತ್ತು ಎರಡನೆಯದನ್ನು ಎತ್ತಿಕೊಳ್ತೀನಿ.

ಮೊದಲು ಒಂದಷ್ಟು ಅಂಕಿ ಅಂಶ. ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಅನ್ನೋದನ್ನು ಒಟ್ಟು ಫಲವಂತಿಕೆ ದರ ಅಂತೀವಿ. ಜನಸಂಖ್ಯೆ ಕುಗ್ಗದೆ ಇರಬೇಕಾದರೆ ಇದು ಸುಮಾರು 2.1 ಇರಬೇಕು. ಕೊರಿಯಾದಲ್ಲಿ 1960ರ ಹೊತ್ತಿಗೆ ಇದು 6ರ ಆಸುಪಾಸಿನಲ್ಲಿತ್ತು. 1983ರಲ್ಲಿ 2.1ಕ್ಕಿಂತ ಕೆಳಗಿಳಿಯಿತು, 2018ರಲ್ಲಿ 1ಕ್ಕಿಂತಲೂ ಕೆಳಗೆ ಹೋಯಿತು. 2023ರಲ್ಲಿ 0.72 ಆಯಿತು. 2024ರಲ್ಲಿ ಒಂಬತ್ತು ವರ್ಷಗಳ ನಂತರ ಮೊದಲ ಬಾರಿಗೆ ಸ್ವಲ್ಪ ಏರಿ 0.75ಕ್ಕೆ ಬಂತು.

2023ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 2.3 ಲಕ್ಷ. ಅದರಲ್ಲಿ ನೂರಕ್ಕೆ 60ರಷ್ಟು ಮಕ್ಕಳು ಆ ತಾಯಂದಿರಿಗೆ ಮೊದಲನೆಯವರು. ಎರಡನೇ ಮಗು ಅನ್ನಿಸಿಕೊಂಡವರು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೂರನೇ ಮಗು ಅಂತೂ ಅಪರೂಪ. ಮದುವೆಯ ಹೊರಗೆ ಮಕ್ಕಳಾಗೋದು ಕೊರಿಯಾದಲ್ಲಿ ಬಹಳ ಕಡಿಮೆ. ಹಾಗಾಗಿ ಮದುವೆಯಾದವರು ಎರಡನೇ ಮಗುವಿನ ಬಗ್ಗೆ ಏನು ತೀರ್ಮಾನ ತಗೊಳ್ತಾರೆ ಅನ್ನೋದು ಅಲ್ಲಿ ಇಡೀ ದೇಶಕ್ಕೆ ಮುಖ್ಯ ಆಗುತ್ತೆ.

ಹಾಗಾದ್ರೆ ಈ ತೀರ್ಮಾನ ಯಾವುದರ ಮೇಲೆ ನಿಂತಿದೆ?

ಮೊದಲನೆಯದು ವಯಸ್ಸು. ಕೊರಿಯಾದಲ್ಲಿ ಮೊದಲ ಮಗು ಹೆರುವಾಗ ತಾಯಿಯ ಸರಾಸರಿ ವಯಸ್ಸು ಈಗ 33. ಆ ಮಗುವಿಗೆ ಮೂರು ವರ್ಷ ತುಂಬಿ, ಮನೆಯಲ್ಲಿ ಸ್ವಲ್ಪ ಉಸಿರಾಡೋಕೆ ಸಮಯ ಸಿಗೋ ಹೊತ್ತಿಗೆ ತಾಯಿಗೆ 36 ದಾಟಿರುತ್ತೆ. ಇನ್ನೊಂದು ಮಗು ಬೇಕು ಅಂತ ಆಸೆ ಇದ್ದರೂ ದೇಹ ಕಾಯೋದಿಲ್ಲ. ತಡವಾಗಿ ಮದುವೆ ಆಗೋದರ ಪರಿಣಾಮ ಹೆಚ್ಚಾಗಿ ಬೀಳೋದು ಎರಡನೇ ಮಗುವಿನ ಮೇಲೆ.

ಎರಡನೆಯದು, ನಮಗೆ ತಕ್ಷಣ ಹೊಳೆಯದ ಒಂದು ಕಾರಣ. ಹಿಂದೆ ಕೊರಿಯಾದಲ್ಲಿ ಗಂಡು ಮಗುವೇ ಬೇಕು ಅನ್ನೋ ಹಂಬಲ ಬಹಳ ಬಲವಾಗಿತ್ತು. ಮೊದಲನೆಯದು ಹೆಣ್ಣಾದರೆ ಇನ್ನೊಂದು, ಅದೂ ಹೆಣ್ಣಾದರೆ ಮತ್ತೊಂದು. ಈ ಲೆಕ್ಕ ನಮಗೇನೂ ಹೊಸದಲ್ಲ, ಅಲ್ವಾ? 1990ರಲ್ಲಿ ಅಲ್ಲಿ 100 ಹೆಣ್ಣು ಮಕ್ಕಳಿಗೆ 116 ಗಂಡು ಮಕ್ಕಳು ಹುಟ್ಟುತ್ತಿದ್ದರು. ಅಂದ್ರೆ ಭ್ರೂಣದ ಲಿಂಗ ಪತ್ತೆ ಮಾಡಿ ಗರ್ಭಪಾತ ಮಾಡಿಸೋದು ವ್ಯಾಪಕವಾಗಿತ್ತು. ಈಗ ಆ ಸಂಖ್ಯೆ ಸಹಜವಾದ 105ರ ಹತ್ತಿರ ಇದೆ. ಗಂಡಸೇ ಮನೆಯ ಯಜಮಾನ ಅನ್ನೋ ಕುಟುಂಬ ನೋಂದಣಿ ಪದ್ಧತಿ 2008ರಲ್ಲಿ ರದ್ದಾಯಿತು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಇದರ ಜೊತೆಗೆ, ಗಂಡು ಮಗುವಿಗಾಗಿ ಇನ್ನೊಂದು ಹೆರು ಅಂತ ಸೊಸೆಯ ಮೇಲೆ ಬರುತ್ತಿದ್ದ ಒತ್ತಡವೂ ಕಡಿಮೆ ಆಯಿತು.

ಮೂರನೆಯದು ಉದ್ಯೋಗ. ಮಗುವಿಗಾಗಿ ಕೆಲಸ ಬಿಟ್ಟ ಮಹಿಳೆಯರನ್ನು ಕರೆಯೋಕೆ ಕೊರಿಯನ್ ಭಾಷೆಯಲ್ಲಿ ಒಂದು ಪದವೇ ಹುಟ್ಟಿಕೊಂಡಿದೆ: 'ಕ್ಯೊಂಗ್‌ದನ್ನ್ಯೊ', ಅಂದರೆ ವೃತ್ತಿ ತುಂಡಾದ ಹೆಂಗಸು. ಬಿಟ್ಟ ಮೇಲೆ ಮತ್ತೆ ಅದೇ ದರ್ಜೆಯ ಕೆಲಸ ಸಿಗೋದು ಕಷ್ಟ. ಗಂಡಸರ ಮತ್ತು ಹೆಂಗಸರ ಸಂಬಳದ ನಡುವಿನ ಅಂತರ ಸುಮಾರು ನೂರಕ್ಕೆ 30. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ ಇದೇ ಅತಿ ಹೆಚ್ಚು.

ಮೊದಲ ಮಗುವಾದಾಗ ಹೇಗೋ ಕೆಲಸ ಉಳಿಸಿಕೊಂಡವರಿಗೂ ಇನ್ನೊಂದು ಗಂಡಾಂತರ ಕಾದಿರುತ್ತೆ. ಮಗು ಒಂದನೇ ತರಗತಿಗೆ ಹೋದಾಗ ಶಾಲೆ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆಲ್ಲ ಮುಗಿಯುತ್ತೆ. ಕಚೇರಿ ಮುಗಿಯೋದು ಸಂಜೆ ಆರಕ್ಕೆ ಅಥವಾ ಇನ್ನೂ ತಡವಾಗಿ. ಈ ಐದಾರು ಗಂಟೆ ಮಗು ಎಲ್ಲಿರಬೇಕು? ಅಜ್ಜಿ ಹತ್ತಿರದಲ್ಲಿದ್ದರೆ ಸರಿ, ಇಲ್ಲದಿದ್ದರೆ ಎಷ್ಟೋ ತಾಯಂದಿರು ಈ ಹಂತದಲ್ಲಿ ರಾಜೀನಾಮೆ ಕೊಡ್ತಾರೆ. ಸರ್ಕಾರ 2024ರಲ್ಲಿ 'ನುಲ್ಬೊಮ್' ಅನ್ನೋ ಯೋಜನೆ ತಂದು, ಶಾಲೆ ಮುಗಿದ ಮೇಲೂ ಮಕ್ಕಳನ್ನು ಅಲ್ಲೇ ನೋಡಿಕೊಳ್ಳುವ ವ್ಯವಸ್ಥೆಯನ್ನು ದೇಶದ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿದ್ದು ಇದೇ ಕಾರಣಕ್ಕೆ.

ನಾಲ್ಕನೆಯದು ಗಂಡ. ನನ್ನ ಪ್ರಕಾರ ಇವತ್ತಿನ ಮಾತಿನ ತಿರುಳು ಇದೇ. 2019ರಲ್ಲಿ ಕೊರಿಯಾದ ಅಂಕಿಅಂಶ ಇಲಾಖೆ ಜನ ದಿನವನ್ನು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ, ಮನೆಗೆಲಸ ಮತ್ತು ಆರೈಕೆಗೆ ಹೆಂಡತಿ ದಿನಕ್ಕೆ ಕೊಡೋದು 3 ಗಂಟೆ 7 ನಿಮಿಷ. ಗಂಡ ಕೊಡೋದು 54 ನಿಮಿಷ. ನೆನಪಿರಲಿ, ಇಬ್ಬರೂ ಹೊರಗೆ ದುಡಿದು ಬಂದವರೇ.

ಮಗುವನ್ನು ಒಬ್ಬಳೇ ಸಾಕುವ ಈ ಸ್ಥಿತಿಗೂ ಅಲ್ಲಿ ಹೆಸರಿದೆ: 'ತೊಕ್‌ಬಕ್ ಯುಗಾ'. 'ತೊಕ್‌ಬಕ್' ಅನ್ನೋದು ಇಸ್ಪೀಟಿನಂಥ ಒಂದು ಆಟದಿಂದ ಬಂದ ಮಾತು. ಸೋತವರ ನಷ್ಟವನ್ನೆಲ್ಲ ಒಬ್ಬರೇ ತೆರಬೇಕಾಗಿ ಬರೋದು ಅಂತ ಅದರ ಅರ್ಥ. ಮೊದಲ ಮಗುವಿನ ವಿಷಯದಲ್ಲಿ ಈ ಆಟ ಆಡಿ ನೋಡಿದವರು ಎರಡನೇ ಸಲ ಕೂರೋಕೆ ಹಿಂಜರಿದರೆ ಅದರಲ್ಲಿ ಆಶ್ಚರ್ಯವೇನಿದೆ? ಒಂದೇ ಕುಟುಂಬಗಳನ್ನು ಹಲವು ವರ್ಷ ಹಿಂಬಾಲಿಸುವ ಸಮೀಕ್ಷೆಗಳು ಕೊರಿಯಾದಲ್ಲಿವೆ. ಅವುಗಳನ್ನು ಆಧರಿಸಿದ ಅಧ್ಯಯನಗಳಲ್ಲಿ, ಮೊದಲ ಮಗುವಿನ ಆರೈಕೆಯಲ್ಲಿ ಗಂಡ ಎಷ್ಟು ಪಾಲು ತಗೊಂಡ ಅನ್ನೋದಕ್ಕೂ ಎರಡನೇ ಮಗುವಿಗೂ ಇರುವ ನಂಟು ಮತ್ತೆ ಮತ್ತೆ ಚರ್ಚೆಗೆ ಬರುತ್ತೆ.

ಹಾಗಂತ ಗಂಡಸರೆಲ್ಲ ಸೋಮಾರಿಗಳು ಅಂತ ಅಲ್ಲ. ಕಚೇರಿಯಲ್ಲಿ ತಡರಾತ್ರಿವರೆಗೆ ಇರೋದೇ ನಿಷ್ಠೆ ಅಂತ ನಂಬುವ ಸಂಸ್ಕೃತಿ ಅದು. ವಾರದ ದುಡಿಮೆಗೆ 52 ಗಂಟೆಯ ಮಿತಿ ಬಂದಿದ್ದೇ 2018ರಲ್ಲಿ. ಆದರೂ ಗಾಳಿ ಬದಲಾಗ್ತಿದೆ. ಮಗುವಿನ ಆರೈಕೆಗಾಗಿ ರಜೆ ತಗೊಳ್ಳೋರಲ್ಲಿ ಗಂಡಸರ ಪ್ರಮಾಣ 2024ರಲ್ಲಿ ನೂರಕ್ಕೆ 30 ದಾಟಿತು.

ಐದನೆಯದು ಖರ್ಚು. 'ಹಾಗ್ವೊನ್' ಅಂತ ಕರೆಯೋ ಟ್ಯೂಷನ್ ಕೇಂದ್ರಗಳೂ ಸೇರಿದಂತೆ ಒಂದಲ್ಲ ಒಂದು ಬಗೆಯ ಖಾಸಗಿ ಪಾಠಕ್ಕೆ 2024ರಲ್ಲಿ ಹತ್ತರಲ್ಲಿ ಎಂಟು ಶಾಲಾ ಮಕ್ಕಳು ಹೋಗ್ತಿದ್ದರು. 2024ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಪೋಷಕರು ಸುರಿದ ಹಣ 29 ಲಕ್ಷ ಕೋಟಿ ವಾನ್. ಇರೋ ಹಣವನ್ನು ಇಬ್ಬರಿಗೆ ಹಂಚೋದಕ್ಕಿಂತ ಒಬ್ಬರಿಗೇ ಚೆನ್ನಾಗಿ ಹಾಕೋಣ ಅನ್ನೋ ಲೆಕ್ಕಾಚಾರ ಸಹಜ. ಇದರ ಮೇಲೆ ಸೋಲ್ ನಗರದ ಮನೆಗಳ ಬೆಲೆ ಬೇರೆ.

ಹಾಗಾದ್ರೆ ಹಣ ಕೊಟ್ಟರೆ ಆಯ್ತಲ್ಲ? ಕೊಟ್ಟು ನೋಡಿದ್ದಾರೆ. ಮಗು ಹುಟ್ಟಿದ ಕೂಡಲೇ 20 ಲಕ್ಷ ವಾನ್, ಎರಡನೆಯದರಿಂದ 30 ಲಕ್ಷ. ಒಂದು ವರ್ಷ ತುಂಬುವವರೆಗೆ ತಿಂಗಳಿಗೆ 10 ಲಕ್ಷ ವಾನ್. ಬೂಯೊಂಗ್ ಅನ್ನೋ ನಿರ್ಮಾಣ ಕಂಪನಿ ತನ್ನ ಉದ್ಯೋಗಿಗಳಿಗೆ ಪ್ರತಿ ಮಗುವಿಗೆ 10 ಕೋಟಿ ವಾನ್, ಅಂದರೆ ಸುಮಾರು 60 ಲಕ್ಷ ರೂಪಾಯಿ ಕೊಡೋದಾಗಿ 2024ರಲ್ಲಿ ಘೋಷಿಸಿತು. ಸರ್ಕಾರವಂತೂ 2006ರಿಂದ ಜನನ ಪ್ರಮಾಣ ಹೆಚ್ಚಿಸೋಕೆ ಲಕ್ಷಾಂತರ ಕೋಟಿ ವಾನ್ ಖರ್ಚು ಮಾಡಿದೆ. ಅಷ್ಟಾದರೂ ದರ 2015ರ ನಂತರ 2023ರವರೆಗೆ ಇಳಿಯುತ್ತಲೇ ಹೋಯಿತು. ಹಣ ಡೈಪರ್ ತರುತ್ತೆ. ಸಂಜೆ ಆರು ಗಂಟೆಗೆ ಗಂಡನನ್ನು ಮನೆಗೆ ಕರೆತರೋದಿಲ್ಲ, ಐದು ವರ್ಷ ಬಿಟ್ಟು ಬಂದವಳಿಗೆ ಹಳೆಯ ಕುರ್ಚಿಯನ್ನೂ ಕೊಡಿಸೋದಿಲ್ಲ.

ಇಲ್ಲಿ ಸೆಜೊಂಗ್ ನಗರವನ್ನು ನೋಡಬೇಕು. ಸರ್ಕಾರಿ ಸಚಿವಾಲಯಗಳಿಗಾಗಿ ಕಟ್ಟಿದ ಹೊಸ ಊರು ಅದು. ಸರ್ಕಾರಿ ನೌಕರಿ, ಅಂದರೆ ರಜೆ ತಗೊಂಡರೂ ಕೆಲಸ ಎಲ್ಲೂ ಹೋಗಲ್ಲ. ಹತ್ತಿರದಲ್ಲೇ ಶಿಶುವಿಹಾರಗಳಿವೆ. 2022ರಲ್ಲಿ ಸೋಲ್‌ನ ದರ 0.59 ಇದ್ದಾಗ ಸೆಜೊಂಗ್‌ನದು 1.12 ಇತ್ತು. ಅಲ್ಲಿಗೆ ಹೋಗೋರು ಹೆಚ್ಚಾಗಿ ಯುವ ದಂಪತಿಗಳೇ ಅನ್ನೋದು ನಿಜ, ಅಲ್ಲೂ ದರ ಮೊದಲಿಗಿಂತ ಇಳಿದಿದೆ ಅನ್ನೋದೂ ನಿಜ. ಆದರೂ ಅದೇ ದೇಶದಲ್ಲಿ, ಅದೇ ಭಾಷೆ ಮಾತಾಡುವ ಜನರಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ ಇರೋದು ಗಮನಿಸಬೇಕಾದ ಸಂಗತಿ.

ಕನ್ನಡದ ಕೇಳುಗರಿಗೆ ಇದೆಲ್ಲ ಯಾಕೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ ಫಲವಂತಿಕೆ ದರ 1.7. ನಾವೂ 2.1ರ ಗೆರೆ ದಾಟಿ ಕೆಳಗೆ ಬಂದಾಗಿದೆ. ನಾವು ಕೊರಿಯಾ ಆಗಿಬಿಡ್ತೀವಿ ಅಂತ ಹೇಳ್ತಿಲ್ಲ. ಆದರೆ ಈ ಚರ್ಚೆ ಇಲ್ಲೂ ಶುರುವಾದಾಗ 'ಈಗಿನ ಹೆಣ್ಣುಮಕ್ಕಳು ಸ್ವಾರ್ಥಿಗಳು' ಅನ್ನೋ ಮಾತು ಮೊದಲು ಬರುತ್ತೆ. ಕೊರಿಯಾದ ತಾಯಂದಿರ ಮೇಲೂ ಈ ಆರೋಪ ಬಂದಿದೆ. ಅವರ ಮುಂದಿರುವ ಲೆಕ್ಕವನ್ನು ನೋಡಿದ ಮೇಲೆ ನನಗೆ ಅಲ್ಲಿ ಸ್ವಾರ್ಥ ಕಾಣಲಿಲ್ಲ. ಇನ್ನೊಂದು ಮಗು ಬೇಕಾ ಅಂತ ಅವರನ್ನು ಕೇಳುವ ಮೊದಲು, ಮೊದಲ ಮಗುವನ್ನು ಸಾಕುವಾಗ ಯಾರು ಜೊತೆಗಿದ್ದರು ಅಂತ ಕೇಳಬೇಕು.