ಸ್ತನ ಕ್ಯಾನ್ಸರ್: ತಂದೆಯ ಮನೆತನವನ್ನೂ ವಿಚಾರಿಸಿ

ಸಂಬಂಧ ಬೆಳೆಸುವಾಗ ನಮ್ಮ ಹಿರಿಯರು ಮನೆತನದ ಹಿಂದುಮುಂದನ್ನೆಲ್ಲ ವಿಚಾರಿಸುತ್ತಾರೆ. ಆದರೆ ಅಜ್ಜಿ ಯಾವ ಕಾಯಿಲೆಯಿಂದ ತೀರಿಕೊಂಡರು, ಆಗ ಅವರ ವಯಸ್ಸೆಷ್ಟು ಎಂದು ಕೇಳಿದರೆ ಸ್ಪಷ್ಟ ಉತ್ತರ ದೊರೆಯುವುದು ಅಪರೂಪ. ‘ಗಡ್ಡೆಯಾಗಿತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹೆಣ್ಣುಮಕ್ಕಳ ವಿವಾಹಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಸ್ತನ ಕ್ಯಾನ್ಸರನ್ನು ಮುಚ್ಚಿಡುವುದೂ ಉಂಟು. ಆ ಹೆಣ್ಣುಮಕ್ಕಳ ಪ್ರಾಣ ಉಳಿಸಬಲ್ಲ ತಿಳಿವಳಿಕೆಯೇ ಹೀಗೆ ಮರೆಯಾಗುತ್ತದೆ.

ಸ್ತನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಯ ಕುಟುಂಬದಲ್ಲಿ ಈ ರೋಗ ಇದ್ದಿರುವುದಿಲ್ಲ. ನೂರರಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಇದು ಆನುವಂಶಿಕ. 1990ರ ದಶಕದಲ್ಲಿ ಗುರುತಿಸಲಾದ ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ವಂಶವಾಹಿಗಳ ದೋಷ ಇದಕ್ಕೆ ಮುಖ್ಯ ಕಾರಣ. ಜೀವಕೋಶದ ಡಿಎನ್‌ಎಗೆ ಆದ ಹಾನಿಯನ್ನು ಸರಿಪಡಿಸುವುದು ಇವುಗಳ ಕಾರ್ಯ. ಆ ಕಾರ್ಯ ಕುಂದಿದಾಗ ಕ್ಯಾನ್ಸರಿಗೆ ದಾರಿಯಾಗುತ್ತದೆ. ಇಂತಹ ದೋಷವುಳ್ಳ ನೂರು ಮಹಿಳೆಯರಲ್ಲಿ ಸುಮಾರು 70 ಮಂದಿಗೆ 80ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ.

ಇದು ತಾಯಿಯ ಕಡೆಯಿಂದಷ್ಟೇ ಬರುತ್ತದೆಂಬುದು ತಪ್ಪು ಗ್ರಹಿಕೆ. ತಂದೆ ತಾಯಿಯರಲ್ಲಿ ಯಾರೊಬ್ಬರಲ್ಲಿ ದೋಷವಿದ್ದರೂ ಪ್ರತಿಯೊಂದು ಮಗುವಿಗೆ ಅದು ಬರುವ ಸಾಧ್ಯತೆ ಶೇಕಡಾ 50. ಆರೋಗ್ಯವಂತನಾಗಿರುವ ತಂದೆಯಿಂದಲೂ ಮಗಳಿಗೆ ಬರಬಹುದು. ಆದುದರಿಂದ ಸೋದರತ್ತೆಯ, ತಂದೆಯ ತಾಯಿಯ ಆರೋಗ್ಯದ ವಿವರವೂ ಬೇಕು.

ರಕ್ತಸಂಬಂಧಿಗಳಲ್ಲಿ ಯಾರಿಗಾದರೂ 50 ವರ್ಷಕ್ಕೆ ಮುನ್ನವೇ ಸ್ತನ ಕ್ಯಾನ್ಸರ್ ಬಂದಿದ್ದರೆ, ಎರಡೂ ಸ್ತನಗಳಲ್ಲಿ ಕಾಣಿಸಿದ್ದರೆ, ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅಥವಾ ಪುರುಷರಿಗೇ ಸ್ತನ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಅಗತ್ಯವೆನಿಸಿದರೆ ಅವರು ಆಪ್ತಸಲಹೆಯೊಂದಿಗೆ ವಂಶವಾಹಿ ಪರೀಕ್ಷೆಯನ್ನು ಸೂಚಿಸುತ್ತಾರೆ. ಸಾಧ್ಯವಿದ್ದಲ್ಲಿ ರೋಗ ಬಂದವರನ್ನೇ ಮೊದಲು ಪರೀಕ್ಷಿಸುವುದು ಉತ್ತಮ. ದೋಷ ಕಂಡುಬಂದ ಮಾತ್ರಕ್ಕೆ ರೋಗ ಬಂದೇ ಬರುತ್ತದೆಂದು ಅರ್ಥವಲ್ಲ. ಎಳೆಯ ವಯಸ್ಸಿನಿಂದಲೇ ಎಂಆರ್‌ಐ, ಮುಂದೆ ಮ್ಯಾಮೊಗ್ರಾಂ ತಪಾಸಣೆ, ಕೆಲವರಿಗೆ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ ಮುಂತಾದ ಮಾರ್ಗಗಳಿವೆ.

ಕುಟುಂಬದಲ್ಲಿ ಯಾರಿಗೂ ಇಲ್ಲವೆಂದು ನಿಶ್ಚಿಂತರಾಗಿರುವುದೂ ಸಲ್ಲದು. ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತಸ್ರಾವ, ಚರ್ಮ ಒಳಸೇರುವುದು ಇವುಗಳಲ್ಲಿ ಯಾವುದು ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ವೈದ್ಯರನ್ನು ಕಾಣಬೇಕು.

ಈ ರೋಗ ಅಂಟುವಂಥದ್ದಲ್ಲ, ಯಾರ ಪಾಪದ ಫಲವೂ ಅಲ್ಲ. ಮನೆಯ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು, ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆ ಬಂದಿತ್ತೆಂಬುದನ್ನು ಎರಡೂ ಕಡೆಯಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ವೈದ್ಯರ ಬಳಿಗೆ ಹೋಗುವಾಗ ಅದನ್ನು ಜೊತೆಯಲ್ಲಿ ಒಯ್ಯಿರಿ.