ಮನೆಯಂಗಳದ ಇತಿಹಾಸಯಾತ್ರೆ

ಹಳೆಯ ನಗರಗಳನ್ನೂ ಒಂದು ದ್ವೀಪವನ್ನೂ ಸುತ್ತಿ ಬರಲು ವಿದೇಶಕ್ಕೆ ಹೊರಡುವ ಡೊಂಬಿವಲಿಯ ಕನ್ನಡ ದಂಪತಿ ಮೊದಲು ತಮ್ಮ ಸುತ್ತಮುತ್ತಲನ್ನು ನೋಡಬೇಕು. ನೆರೆಯ ಕಲ್ಯಾಣದ ವರ್ತಕರ ದಾನಗಳನ್ನು ಕನ್ಹೇರಿ ಗುಹೆಗಳ ಶಾಸನಗಳು ದಾಖಲಿಸಿವೆ. ಪಕ್ಕದ ಅಂಬರನಾಥದಲ್ಲಿ ಶಿಲಾಹಾರರ ಕಾಲದ, 1060ರ ಶಿವಾಲಯವಿದೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿತು. ನವಿ ಮುಂಬಯಿಯಾಚೆಯ ಕಡಲಲ್ಲಿರುವ ಘಾರಾಪುರಿ, ಅಂದರೆ ಎಲಿಫೆಂಟಾ, 1987ರಿಂದ ವಿಶ್ವ ಪರಂಪರೆಯ ತಾಣ. ಇಮ್ಮಡಿ ಪುಲಕೇಶಿ ಗೆದ್ದನೆಂದು 634ರ ಐಹೊಳೆ ಶಾಸನ ಹೇಳುವ ಪುರಿ ಇದೇ ಎನ್ನುವ ವಿದ್ವಾಂಸರಿದ್ದಾರೆ.

ಇಲ್ಲಿ ವಾಹನದಟ್ಟಣೆ, ಗದ್ದಲ. ವಿದೇಶದ ಅಚ್ಚುಕಟ್ಟು ಎಲ್ಲಿ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಬೆಳಗ್ಗೆ ಬೇಗ ಹೊರಟರೆ ದಟ್ಟಣೆ ಕಾಡದು; ನೋಡಲು ಬರುವವರು ಕೇಳಿದಾಗಲೇ ಸ್ವಚ್ಛತೆ, ಸೌಕರ್ಯ ಸುಧಾರಿಸುವುದು. ವಿದೇಶ ಬೇಡವೆಂದಲ್ಲ. ತಾನಿರುವ ನೆಲದ ಚರಿತ್ರೆ ಬಲ್ಲವರಿಗೆ ಪರನಾಡಿನದೂ ಆಳವಾಗಿ ಅರ್ಥವಾಗುತ್ತದೆ.