ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದ ಭಾನುವಾರ

1988ರಲ್ಲಿ ನನ್ನ ಭಾವಮೈದುನನ ಮದುವೆಗೆ ವಿಡಿಯೊದವರನ್ನು ಕರೆಸಿದ್ದರು. ಆ ಕ್ಯಾಸೆಟ್ಟು ನಮ್ಮ ಬೀರುವಿನಲ್ಲಿ ಸೀರೆಗಳ ಅಡಿ ಮೂವತ್ತು ವರ್ಷಕ್ಕೂ ಹೆಚ್ಚು ಮಲಗಿತ್ತು. ಕಳೆದ ತಿಂಗಳು ಸ್ಟುಡಿಯೊಗೆ ಕೊಟ್ಟು ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ಬಂದೆ. ಅದರಲ್ಲಿ ನಮ್ಮ ಅತ್ತೆಯವರು ಹಸೆಗೆ ಕರೆಯುವ ಹಾಡು ಹೇಳುತ್ತಾರೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ದನಿ ಬೇರೆಲ್ಲೂ ಉಳಿದಿಲ್ಲ. ನನ್ನ ಹೆಂಡತಿಗೆ ಈಗ ಕಣ್ಣು ಮಂಜು, ಕಿವಿ ಮಂದ. ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ, "ಯಾರೋ ಕೂತಿದ್ದಾರೆ, ಅಮ್ಮನೇ ಅಂತ ಹೇಗೆ ಹೇಳಲಿ?" ಅಂದಳು.

ಮಗ ಕೊಡಿಸಿದ 43 ಇಂಚಿನ ಟಿವಿ ಗೋಡೆಯ ಮೇಲಿದೆ. ಪೆನ್ ಡ್ರೈವನ್ನು ನೇರವಾಗಿ ಅದಕ್ಕೇ ಚುಚ್ಚಿದೆವು. ಈ ಬಗೆಯ ಫೈಲು ನಡೆಯುವುದಿಲ್ಲ ಎಂದು ಬರೆದು ತೋರಿಸಿತು. ಲ್ಯಾಪ್‌ಟಾಪಿಗೆ ಓದು ಬರುತ್ತದೆ, ಪರದೆ ಸಣ್ಣದು. ಟಿವಿಗೆ ಪರದೆ ದೊಡ್ಡದು, ಓದು ಕಡಿಮೆ. "ಎರಡನ್ನೂ ಜೋಡಿಸೋಣ ತಾತ" ಅಂದಳು ಏಳನೇ ತರಗತಿಯ ಮೊಮ್ಮಗಳು.

ಮೊದಲ ತಪ್ಪು ನನ್ನದೇ. ಹಳೆಯ ಕಂಪ್ಯೂಟರಿನ ವಿಜಿಎ ಕೇಬಲ್ ಮನೆಯಲ್ಲಿತ್ತು. ನೀಲಿ ಮೂತಿ, 15 ಸೂಜಿ, ಎರಡು ಬದಿಗೆ ತಿರುಪು. ಹೊಸದಕ್ಕೆ ದುಡ್ಡೇಕೆ ಎಂದು ಅದನ್ನೇ ಸಿಕ್ಕಿಸಿದೆ. ಚಿತ್ರ ಬಂತು, ಟಿವಿ ಮಾತ್ರ ಮೂಕ! 1987ರ ಕಾಲದ ಆ ಕೇಬಲ್ ಚಿತ್ರವನ್ನಷ್ಟೇ ಹೊರುತ್ತದೆ, ಶಬ್ದವನ್ನಲ್ಲ. ನಮಗೆ ಬೇಕಿದ್ದುದು ಶಬ್ದವೇ.

ಎರಡನ್ನೂ ಒಟ್ಟಿಗೆ ಹೊರುವುದು ಎಚ್‌ಡಿಎಂಐ ಕೇಬಲ್. ಅದರ ಮೂತಿಯಲ್ಲಿ 19 ಪಿನ್ನುಗಳಿವೆ. ಮೂತಿಯ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಒಂದೇ ರೀತಿಯಲ್ಲಿ ಒಳಹೋಗುತ್ತದೆ. ಹೋಗದಿದ್ದರೆ ತಿರುಗಿಸಿ ನೋಡಬೇಕು, ಗುದ್ದಬಾರದು. ಅಂಗಡಿಗೆ ಹೋಗುವ ಮೊದಲು ದಾರದಿಂದ ಅಳತೆ ತೆಗೆದುಕೊಳ್ಳಿ. ನಾನು ಒಂದೂವರೆ ಮೀಟರಿನದು ತಂದು, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಸ್ಟೂಲಿಟ್ಟು ಕೂರಿಸಬೇಕಾಯಿತು.

ಸಿಕ್ಕಿಸಿದ ಕೂಡಲೇ ಚಿತ್ರ ಬರಲಿಲ್ಲ. ಟಿವಿಯ ಹಿಂದೆ ನಾವು ಚುಚ್ಚಿದ ತೂತಿನ ಪಕ್ಕ ಎಚ್‌ಡಿಎಂಐ 2 ಎಂದಿತ್ತು. ರಿಮೋಟಿನ 'ಸೋರ್ಸ್' ಒತ್ತಿ ಅದನ್ನೇ ಆರಿಸಬೇಕು. ಆಮೇಲೆ ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿ ಹಿಡಿದು 'ಪಿ' ಒತ್ತಿದಳು. ನಾಲ್ಕು ಆಯ್ಕೆ ಬಂದವು. 'ಡುಪ್ಲಿಕೇಟ್' ಎಂದರೆ ನಮ್ಮ ಬ್ಯಾಂಕಿನ ಕಾರ್ಬನ್ ಕಾಪಿ: ಇಲ್ಲಿದ್ದದ್ದೇ ಅಲ್ಲಿಯೂ. 'ಎಕ್ಸ್‌ಟೆಂಡ್' ಎಂದರೆ ಮೇಜಿಗೆ ಇನ್ನೊಂದು ಮೇಜು ಸೇರಿಸಿದಂತೆ. ನಮಗೆ ಕಾರ್ಬನ್ ಕಾಪಿ ಸಾಕಿತ್ತು.

"ಎಚ್‌ಡಿ ಅಂದರೇನು ತಾತ?" ಎಂದು ಕೇಳಿದಳು. ಲೆಕ್ಕ ಎಂದರೆ ನನಗೆ ಈಗಲೂ ಕೈ ಕಡಿಯುತ್ತದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080, ಒಟ್ಟು 20,73,600. ನಮ್ಮ ಲ್ಯಾಪ್‌ಟಾಪಿನದು 1366 ಮತ್ತು 768, ಒಟ್ಟು 10,49,088. ಮಕ್ಕಳೇ, ನೀವೂ ಗುಣಿಸಿ ನೋಡಿ. ಆದರೆ ಹಳೆಯ ಕ್ಯಾಸೆಟ್ಟಿನಲ್ಲಿ ಇಲ್ಲದ ವಿವರವನ್ನು ದೊಡ್ಡ ಟಿವಿ ಎಲ್ಲಿಂದ ತರುತ್ತದೆ? ಚಿತ್ರ ಮಸುಕಾಗಿಯೇ ಇತ್ತು. ಅಂದಿನ ಚಿತ್ರದ ಅಗಲ ಎತ್ತರ 4ಕ್ಕೆ 3, ಇಂದಿನ ಟಿವಿಯದು 16ಕ್ಕೆ 9. ಹಾಗಾಗಿ ಎರಡು ಬದಿಗೂ ಕಪ್ಪು ಪಟ್ಟಿ. ರಿಮೋಟಿನಿಂದ ಎಳೆದು ತುಂಬಿಸಬಹುದು, ಆಗ ಮುಖಗಳು ಊದಿಕೊಳ್ಳುತ್ತವೆ. ನಮ್ಮ ಅತ್ತೆಯವರು ತೆಳ್ಳಗಿದ್ದವರು. ಪಟ್ಟಿ ಇದ್ದರೆ ಇರಲಿ ಎಂದೆ.

ಇಷ್ಟಾದರೂ ಶಬ್ದ ಲ್ಯಾಪ್‌ಟಾಪಿನಿಂದಲೇ ಬರುತ್ತಿತ್ತು. ಕೇಬಲ್ ಹೊರಲು ಸಿದ್ಧವಿದ್ದರೂ ಎಲ್ಲಿಗೆ ಕಳಿಸಬೇಕೆಂದು ನಾವು ಹೇಳಬೇಕಂತೆ. ಪರದೆಯ ಕೆಳಗೆ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರನ್ನು ಮೊಮ್ಮಗಳು ಆರಿಸಿದಳು.

ಹಾಡು ಕೋಣೆ ತುಂಬ ಬಂತು. ನನ್ನ ಹೆಂಡತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮುಗಿದ ಮೇಲೆ, "ಮೂರನೇ ನುಡಿ ನನಗೆ ಮರೆತೇ ಹೋಗಿತ್ತು. ಇನ್ನೊಂದು ಸಲ ಹಾಕು ಮಗಳೇ" ಅಂದಳು. ಮೊಮ್ಮಗಳು ಹಾಕಿದಳು. ಹಾಕಿ, ಸ್ಕೂಲ್ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದಳು.